ಐವತ್ತರಲ್ಲಿ ಒಂಬತ್ತು

ಬಳ್ಳಾರಿ ಜೈಲಿನ ಹಿಂದಿನ ಕೋಣೆ.
ಒರೆಸಿದ ಮೇಜಿನ ಮೇಲೆ ಮತ್ತೆ ಕೆಂಪು ಧೂಳು.
"ನನ್ನ ಹೆಸರೇ ಎರ್ರಿಸ್ವಾಮಿ, ಮೇಡಂ,
ಹುಚ್ಚು ತೊಟ್ಟಿಲಲ್ಲೇ ಇಟ್ಟಿದ್ರು," ಅಂದ.
ನಕ್ಕುಬಿಟ್ಟೆ. ವರದಿಯಲ್ಲಿ ಅದನ್ನು ಬರೆಯಲಿಲ್ಲ.

ಗೋಡೆಯೊಳಗೆ ಮೂವರು ತೆಲುಗಿನಲ್ಲಿ ಬೈಯುತ್ತಾರಂತೆ,
ಊಟದ ಗಂಟೆಗೆ ಸುಮ್ಮನಾಗುತ್ತಾರಂತೆ.
ತಮ್ಮನ ಹೆಸರೆತ್ತಿದಾಗ ಅತ್ತ.
ಅತ್ತು, ನಾನು ಬರೆದುಕೊಂಡೆನೇ ಎಂದು ನೋಡಿದ.

ಐವತ್ತು ಚಿತ್ರ ತೋರಿಸಿ
ಆಮೇಲೆ ಜೋಡಿಜೋಡಿಯಾಗಿ ಕೇಳಿದೆ:
ಯಾವುದು ನೋಡಿದ್ದು, ಕೊಡವೋ, ಕೊಡಲಿಯೋ?
ಕಣ್ಣು ಮುಚ್ಚಿ ಬೆರಳಿಟ್ಟವನಿಗೂ
ಇಪ್ಪತ್ತೈದು ಸರಿ ಬೀಳುತ್ತವೆ.
ಇವನಿಗೆ ಒಂಬತ್ತು.
ಇಷ್ಟು ತಪ್ಪಬೇಕಾದರೆ
ಎಲ್ಲವೂ ನೆನಪಿರಬೇಕು.

ಹೊರಗೆ ಬೆಂಚಿನ ತುದಿಗೆ ಮಾರೆಕ್ಕ,
ತಮ್ಮನ ಹೆಂಡತಿ; ಆ ರಾತ್ರಿ ಬಾಗಿಲ ಹಿಂದೆ ನಿಂತವಳು.
"ನನಿಗೇನಾಗೈತೆ? ಉಣ್ತೀನಿ, ಮಲ್ಕಂತೀನಿ."
ನನ್ನ ಪ್ರಶ್ನೆಗಳಿಗೆಲ್ಲ ಇಲ್ಲ, ಇಲ್ಲ, ಇಲ್ಲ.
ಅಂಕ ಸೊನ್ನೆ.

ಒಳಗೆ ಯಾರೋ ಚಿಲಕ ಎಳೆದರು.
ಅವಳು ಅಲುಗಲಿಲ್ಲ.
ಮುಷ್ಟಿಯಲ್ಲಿದ್ದ ಬಸ್ಸಿನ ಟಿಕೀಟು ಮಾತ್ರ
ಸದ್ದಿಲ್ಲದೆ ಹಿಟ್ಟಾಯಿತು.
"ಐದಕ್ಕೆ ಸಿರುಗುಪ್ಪ ಬಸ್ಸೈತೆ, ಹೋಗ್ಲಾ?" ಎಂದಳು.
ಆಗಲೇ ಆರೂವರೆ.
ಹೇಳಲಿಲ್ಲ. ಪಕ್ಕದಲ್ಲಿ ಕೂತೆ.