ಪಾಕ ನೋಡೋ ಕೈ

ಅವತ್ತು ಆಲೆಮನೇಲಿ ಎಲ್ರ ಮುಂದೆ ನಕ್ಕೋನು ನೀನೇ ತಾನೆ, ಬೋರಲಿಂಗ?
‘ಗಂಡಸು ಹೇಲು ಬಾಚ್ತಾನಂತೆ ಕಣ್ರಪ್ಪೋ’ ಅಂತ
ಒಲೆಗೆ ರಚ್ಚು ತಳ್ತಾ ತಳ್ತಾ ನಕ್ಕೆ.
ಇವತ್ತು ಹೊತ್ತು ಮುಳುಗಿದ ಮೇಲೆ, ತಲೆಗೆ ಟವಲ್ ಹೊದ್ದು,
ನಮ್ಮ ಹಿತ್ಲ ಬಾಗ್ಲಲ್ಲಿ ನಿಂತಿದ್ದೀಯ.
ಹೆಣ್ಣು ಕೂಸಂತೆ. ಒಳ್ಳೇದಾಯ್ತು.
ಕೂತ್ಕೊ. ನಗಾಕಿಲ್ಲ ನಾನು.

ನಾನೂ ಹುಟ್ಟುತ್ಲೇ ಕಲ್ತು ಬಂದೋನಲ್ಲ.
ರೂಪಕಲಾಗೆ ರಜ ಮುಗೀತು. ಬೆಳಗ್ಗೆ ಆರೂಕಾಲಿಗೆ
ಗೆಜ್ಜಲಗೆರೆ ಗಾರ್ಮೆಂಟ್ಸ್ ಬಸ್ಸು ಅರಳಿಕಟ್ಟೆ ತಾವ ಹಾರನ್ ಹೊಡೀತು,
ಹತ್ತಿದ್ಲು, ತಿರುಗಿ ನೋಡ್ಲಿಲ್ಲ. ನೋಡಿದ್ರೆ ಇಳಿದುಬುಡೋಳು.
ಅತ್ತೆ ಕಣ್ಣಿಗೆ ಪೊರೆ. ಇನ್ನುಳಿದೋರು
ನಾನು, ಕೂಸು, ಕೂಸು ಮಾಡಿಟ್ಟ ಅದು.

ಕೊಪ್ಪರಿಗೆ ಮುಂದೆ ಹದಿನೆಂಟು ವರ್ಷ.
ಕುದಿಯೋ ಪಾಕ ತಣ್ಣೀರಿಗೆ ಬುಟ್ಟು,
ಬೆರಳಲ್ಲಿ ಉಂಡೆ ಕಟ್ಟಿ ‘ಇಳ್ಸಿ’ ಅಂದ್ರೆ ಇಳಿಸ್ಬೇಕು,
ಅಷ್ಟು ನಂಬ್ಕೆ ಊರಿಗೆ ಈ ಬೆರಳ ಮೇಲೆ.
ಆದ್ರೆ ಬೆಂದೂ ಬೆಂದೂ ಸತ್ತೋಗವೆ ಕನ, ಬೆರಳು.
ಬೆಚ್ಚಗದೆ ಅಂತ ನೀರಿಗೆ ಬಟ್ಟೆ ಅದ್ದಿ ಒರೆಸಿದ್ರೆ
ಕೂಸು ಕಿಟಾರನೆ ಕಿರುಚ್ತು, ತೊಡೆ ಕೆಂಪಾಯ್ತು.
ಆಶಾ ಕಾರ್ಯಕರ್ತೆ ಜಯಶೀಲಕ್ಕ ಬಂದು, ಬೈದು,
ನನ್ನ ಮೊಣಕೈ ಮುಟ್ಟಿ ಅಂದ್ರು:
‘ಇನ್ಮೇಲೆ ಇಲ್ಲಿ ನೋಡು. ಇಲ್ಲಿ ಇನ್ನೂ ಜೀವ ಅದೆ ನಿಂಗೆ.’

ಅದ್ಕೇಯ, ಮೊದ್ಲು ಎಲ್ಲಾನೂ ಹತ್ರ ಮಡಿಕೊ:
ನೀರು, ಹಳೇ ಪಂಚೆ ಹರಿದ ಮೆತ್ತನೆ ತುಂಡು,
ಹೊಸ ಡೈಪರು, ಹಳೇ ಪೇಪರು.
ಮಂಚ ಬ್ಯಾಡ. ನೆಲದ ಮೇಲೆ ಚಾಪೆ ಹಾಸು,
ನೆಲದಿಂದ ಕೆಳಕ್ಕೆ ಯಾರೂ ಬೀಳಾಕಿಲ್ಲ.
ಒಂದು ಕೈ ಹೊಟ್ಟೆ ಮೇಲೇ ಇರ್ಲಿ. ಫೋನು ಬಡ್ಕೊಳ್ಲಿ,
ಗಾಣದ ಸಾವ್ಕಾರ ಕೂಗ್ಲಿ,
ಹಸ ಕಣ್ಣಿ ಕಿತ್ಕೊಂಡು ರಾಗಿ ಮೇಯ್ಲಿ,
ಆ ಕೈ ಎತ್ಬ್ಯಾಡ.

ಹೆಣ್ಣು ಕೂಸು. ಮುಂದ್ಲಿಂದ ಹಿಂದಕ್ಕೆ ಒರೆಸು,
ಹಿಂದ್ಲಿಂದ ಮುಂದಕ್ಕೆ ಬ್ಯಾಡ್ವೇ ಬ್ಯಾಡ.
ಇದನ್ನ ಎರಡು ಸಲ ಹೇಳ್ತೀನಿ: ಮುಂದ್ಲಿಂದ ಹಿಂದಕ್ಕೆ.
ತೊಡೆಸಂದಿ ಮಡಿಕೆ ಬಿಡಿಸು.
ಮಡ್ಡಿ ಎತ್ತೋವಾಗ ಕೊಪ್ಪರಿಗೆ ಅಂಚು ಬುಡ್ತೀವಾ? ಅಂಗೆ.
ಆಮೇಲೆ ಸುಮ್ಕಿರು. ಒಸಿ ಗಾಳಿ ಆಡ್ಲಿ.
ಅದು ಕಾಲೆತ್ತಿ, ತನ್ನ ಹೆಬ್ಬೆಟ್ಟು ತಾನೇ ಹಿಡಿದು
ನಿನ್ನೇ ನೋಡ್ತದೆ, ಸಂತೇಲಿ ಕರ ವ್ಯಾಪಾರ ಮಾಡೋ ಹಂಗೆ.
ಆಗ್ಲೇ ಉಯ್ತದೆ. ನಿನ್ನ ಮೊಣಕಾಲ ಕೆಳಕ್ಕೆ ಹರಿದು ಬತ್ತದೆ.
ಲುಂಗಿ ಎರಡು ಇಟ್ಕೊ.
ಪಟ್ಟಿ ಅಂಟಿಸಿದ ಮೇಲೆ ಹೊಟ್ಟೇ ತಾವ ಎರಡು ಬೆರಳು ಹೋಗ್ಬೇಕು.

ಇನ್ನೊಂದು ಮಾತು. ಯಾರಿಗೂ ಹೇಳಿಲ್ಲ.
ಮೊದಮೊದ್ಲು ಸುತ್ತಿ, ಕತ್ಲಾದ ಮೇಲೆ ನಾಲೆಗೆ ಎಸೀತಿದ್ದೆ.
ನೀರು ತಾನೆ, ಹೋಯ್ತದೆ ಅಂತ.
ಹುಣ್ಣಿಮೆ ಹಿಂದ್ಲ ರಾತ್ರಿ ನಂದು ನೀರಿನ ಸರದಿ.
ತೂಬು ಎತ್ತಿದ್ರೂ ಕಬ್ಬಿಗೆ ನೀರಿಲ್ಲ. ಪೈಪಿಗೆ ಕೈ ಹಾಕಿ ಎಳೆದೆ,
ಎಳೆದೆ, ಬಂತು: ಮುಳುಗಿದ ನಾಯಿಮರಿ ಹಂಗೆ ಊದಿ,
ಮೇಲೆ ಹಳದಿ ಬಾತುಕೋಳಿ, ನಗ್ತಾ.
ನಮ್ಮನೇದೋ, ಇನ್ನಾರದೋ. ಬಾತುಕೋಳಿ ಹೇಳಲಿಲ್ಲ.
ಬ್ಯಾಟರಿ ಆರಿಸಿ ಒಸಿ ಹೊತ್ತು ಬದುವಲ್ಲಿ ಕೂತಿದ್ದೆ.

ಈಗ ಪೇಪರಲ್ಲಿ ಸುತ್ತಿ, ಬ್ಯಾರೆ ಕವರಲ್ಲಿ ಪಂಚಾಯ್ತಿ ಗಾಡಿಗೆ.
ಹಗಲೊತ್ತು ಪಂಚೆ ಬಟ್ಟೇನೇ, ತೊಳೆದು ಬಿಸಿಲಿಗೆ.
ತಂತಿ ಮೇಲೆ ಹನ್ನೊಂದು ತುಂಡು. ಓಡಾಡೋರು ನೋಡ್ತಾರೆ. ನೋಡ್ಲಿ.

ಅಗೋ, ಎದ್ದಳು. ವಾಸನೆ ಬಂತಾ? ನಂಗೆ ಆಗ್ಲೇ ಬಂತು.
ಬಾ ಒಳೀಕೆ, ನೀನೇ ಮಾಡು, ನಾನು ಪಕ್ಕದಲ್ಲಿರ್ತೀನಿ.
ಏ, ಟವಲ್ ತೆಗೆದು ಮಡಗು. ಕೈ ತೋರ್ಸು.
ರಚ್ಚಿನ ಮಸಿ ಉಗುರಲ್ಲೇ ಅದೆ.
ಸೋಪು ಹಂಡೆ ಪಕ್ಕ.