ಹೇಮಾವತಿಗೆ ನಡೆದು ಹೋದದ್ದು

ಅಮರಾಪುರದ ಬಸ್‌ಸ್ಟ್ಯಾಂಡಿನ ಹಿಂದೆ
ಒಂದೊಂದು ಚಾ ಕುಡಿದು
ದಾದಾಪೀರನೂ ನಾನೂ ಹೊರಟೆವು.
ಬಸ್ಸಿಗಾದರೆ ಒಂದು ಕೋಳಿನಿದ್ದೆಯ ದೂರ.
ನಮಗೆಷ್ಟೋ, ಅವನ ಮಂಡಿಯನ್ನು ಕೇಳಬೇಕು.

ಇಪ್ಪತ್ತೊಂಬತ್ತು ವರ್ಷ ಇದೇ ರೂಟು.
ಅವನು ಮುಂದೆ ನೋಡಿದ: ಗುಂಡಿ, ಎಮ್ಮೆ, ಎದುರಿನ ಲಾರಿ.
ನಾನು ಹಿಂದೆ ನೋಡಿದೆ: ಕೈ, ನೋಟು, ಮತ್ತೆ ಕೈ,
ಅರ್ಧ ಟಿಕೆಟ್ಟು ಕೇಳುವ ಚಿಗುರು ಮೀಸೆ.
ಅಕ್ಕಪಕ್ಕ ಏನಿತ್ತು?
ಇಬ್ಬರಿಗೂ ಗೊತ್ತಿಲ್ಲ.

ಅದಕ್ಕೇ ಈ ನಡಿಗೆ.
ಡಾಕ್ಟರು ಹೇಳಿದ್ದೂ ಹೌದು, ಅದು ನಮ್ಮಲ್ಲೇ ಇರಲಿ.

ಟಾರು ಬಿಟ್ಟು ಕೆರೆಯ ಏರಿ ಹಿಡಿದೆವು.
ತಂಗಡಿ ಹೂ. ಬಂಡಿ ಹೋದ ಎರಡು ಗೀಟು,
ನಡುವೆ ಹುಲ್ಲು, ಹುಲ್ಲಿಗೆ ಇನ್ನೂ ಒಣಗದ ಇಬ್ಬನಿ.
ನೀರಿಗೆ ಬಾಗಿದ ಜಾಲಿಯಲ್ಲಿ ಗೀಜಗದ ಗೂಡು
ಒಂದು, ಎರಡು, ಹನ್ನೊಂದು...
ಎಣಿಸುವ ಚಾಳಿ ಹೋಗಿಲ್ಲ ನೋಡಿ.
"ಸ್ಟ್ಯಾಂಡಿಂಗ್ ಎಷ್ಟು?" ಅಂದ ದಾದಾಪೀರ.
"ಎಲ್ಲಾ ನೇತಾಡೋರೇ" ಅಂದೆ.

ಒಂದು ಕಡೆ ಹೊಲ ಕರ್ನಾಟಕದ್ದಂತೆ, ಬದು ಆಂಧ್ರದ್ದು.
ಕುಂಬಳದ ಬಳ್ಳಿ ಅಲ್ಲಿ ಬೇರು ಬಿಟ್ಟು
ಇಲ್ಲಿಗೆ ಬಂದು ಕಾಯಿಟ್ಟಿದೆ.
ನಮ್ಮ ಬಸ್ಸೂ ಹಾಗೇ:
ಬೋರ್ಡು ತೆಲುಗು, ಬೈಗುಳ ಕನ್ನಡ.

ಹುಣಸೆಯ ಕೆಳಗೆ ಅರ್ಧ ಹೂತ ವೀರಗಲ್ಲು.
ಕುದುರೆಗೆ ಕಿವಿಯಿಲ್ಲ.
ವೀರನ ತೊಡೆಯ ಮೇಲೆ ಕುಡುಗೋಲು ಮಸೆದ ಗುರುತು.
ಮೇಲೆ ಮೂರು ಸಾಲು ಹಳೆಯ ಅಕ್ಷರ.
ನಾನು ಓದಿದ್ದು ಕನ್ನಡ ಮೀಡಿಯಂ, ಅವನು ತೆಲುಗು,
ಇಬ್ಬರೂ ಬೆರಳಿಟ್ಟು ತಡಕಿದೆವು.
ಒಂದು 'ಗ' ಸಿಕ್ಕಿತು.
ಅಷ್ಟು ಸಾಕೆಂದು ಅಲ್ಲೇ ಕೂತೆವು.

ಆಡು ಹೊಡೆದುಕೊಂಡು ಬಂದವಳು ನಿಂತಳು.
ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡಿದಳು.
"ನೀನು ಕಂಡಕ್ಟರು ಅಲ್ವೇನಪ್ಪ?
ಎರಡೂವರೆ ರೂಪಾಯಿ ಕೊಡಬೇಕು ನೀನು.
ಟಿಕೆಟ್ಟಿನ ಹಿಂದೆ ಬರ್ದೆ, ಇಳಿಯುವಾಗ ತಗೋ ಅಂದೆ.
ನಾನು ಇಳಿದೆ. ನೀನು ರೈಟ್ ಅಂದೆ."

ಯಾವ ವರ್ಷ ಎಂದರೆ
"ನಮ್ಮ ಹಿರಿ ಮಗಳ ಬಾಣಂತನದಾಗೆ."
ಆ ಮೊಮ್ಮಗ ಈಗ ಟ್ರ್ಯಾಕ್ಟರು ಓಡಿಸುತ್ತಾನಂತೆ.
ದಾದಾಪೀರ ನಕ್ಕು ನಕ್ಕು ಕಲ್ಲಿಗೆ ಒರಗಿದ,
ಕಿವಿಯಿಲ್ಲದ ಕುದುರೆಗೆ ಅವನ ಭುಜ ತಾಗಿತು.
ನಾನು ಜೇಬು ತಡಕಿದೆ. ಐದರ ಬಿಲ್ಲೆ.
ಎರಡೂವರೆ ಈಗ ಯಾರ ಹತ್ತಿರ ಇದೆ?

ಓಬಕ್ಕ ಬಿಲ್ಲೆಯನ್ನು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು.
ನೆಲಕ್ಕೆ ಬಗ್ಗಿ ಒಂದು ಕಡ್ಲೆಕಾಯಿ ಗಿಡ ಕಿತ್ತು,
ಮಣ್ಣು ಕೊಡವಿ, ಇಬ್ಬರ ಮಡಿಲಿಗೂ ಬಿಡಿಸಿದಳು.
ಹಸಿಕಾಯಿ, ಹಾಲು ತುಂಬಿದ್ದು.
"ಇದು ಲೆಕ್ಕಕ್ಕಿಲ್ಲ. ಚಿಲ್ಲರೆ ವಾಪಸ್ ಬರುವಾಗ ಇಸ್ಕೋ."
ಆಡುಗಳು ಆಗಲೇ ಮುಂದೆ ಹೋಗಿದ್ದವು.

ಹೇಮಾವತಿ ಬಂದಾಗ ನೆರಳು ಕಾಲ ಕೆಳಗೆ.
ಇದೇ ಹೆಂಜೇರು, ನೊಳಂಬರು ಆಳಿದ್ದು ಇಲ್ಲಿಂದ ಎಂದು
ಎಷ್ಟು ಸಲ ಬಸ್ಸಿನಲ್ಲಿ ಯಾರೋ ಯಾರಿಗೋ ಹೇಳಿದ್ದು
ನನ್ನ ಬೆನ್ನ ಹಿಂದೆ ಕೇಳಿಸಿತ್ತು.
ಕರಿಕಲ್ಲಿನ ಕಂಬ ನುಣ್ಣಗೆ ಕನ್ನಡಿಯಂತೆ,
ದಾದಾಪೀರ ಅದರಲ್ಲಿ ಗಡ್ಡ ತಿದ್ದಿಕೊಂಡ.
ಒಳಗೆ ಸಿದ್ದೇಶ್ವರ, ಲಿಂಗವಲ್ಲ, ಮೂರ್ತಿ,
ಆರಾಮಾಗಿ ಕೂತಿದ್ದಾನೆ.
ಇಪ್ಪತ್ತೊಂಬತ್ತು ವರ್ಷ ನಿಂತೇ ಹೋದವನು ನಾನು.
ಹೊರಗೆ ಬಸವಣ್ಣನ ಪಕ್ಕ, ತಣ್ಣನೆ ಚಪ್ಪಡಿಯ ಮೇಲೆ
ನಾನೂ ಸೀಟು ಹಿಡಿದೆ.
ಎಬ್ಬಿಸಲು ಯಾರೂ ಬರಲಿಲ್ಲ.

ಇಳಿಹೊತ್ತಿಗೆ ರಸ್ತೆಗೆ ಬಂದೆವು. ಅದೇ ಹಾರನ್.
ಹೊಸ ಹುಡುಗ ಬಾಗಿಲಲ್ಲಿ ಜೋತು ಕೈ ಬೀಸಿದ:
"ಅಣ್ಣಾ, ಹತ್ತಿ ಹತ್ತಿ, ಖಾಲಿ ಐತೆ!"
ದಾದಾಪೀರನ ಮಂಡಿ ಆಗಲೇ ಒಂದು ಕಾಲು ಎತ್ತಿತ್ತು.
ನಾನು ಅವನ ತೋಳು ಹಿಡಿದೆ.
"ನಡಿ ಮಾರಾಯ,
ಎರಡೂವರೆ ರೂಪಾಯಿ ಬರೋದಿದೆ."
ಅವನು ಏನೋ ಬೈದ, ತೆಲುಗಿನಲ್ಲಿ.
ಹುಡುಗ ನಮ್ಮನ್ನು ನೋಡಿದ, ಡ್ರೈವರನನ್ನು ನೋಡಿದ,
ರೈಟ್ ಅಂದ.