ಬಳೆ ಏರುವ ಕೈ

ಕಲಬುರಗಿಯ ಆಳಂದ ರಸ್ತೆಯ ಲ್ಯಾಬಿನಲ್ಲಿ
ತೊಗರಿ ಬೇರು ತೊಳೆದು ಗಂಟು ಎಣಿಸುತ್ತೇನೆ.
ಮೂವತ್ತೊಂದನೆಯ ಕುಂಡದಲ್ಲಿ
ಒಂದೂ ಇಲ್ಲ.

ಎರೆಮಣ್ಣಿದೆ, ಬ್ಯಾಕ್ಟೀರಿಯಾ ಇದೆ,
ಬೇರು ತನ್ನ ರಸ ಸೂಸಿ ಕರೆದದ್ದೂ ಖರೆ.
ಜೀನು ಇದ್ದಲ್ಲೇ ಇದೆ, ಒಂದಕ್ಷರ ಅಳಿಸಿಲ್ಲ.
ಅದರ ಹೊಸ್ತಿಲಲ್ಲಿ ಕೂತ ಪ್ರೊಟೀನಿಗೆ ಮಾತ್ರ
ಒಂದು ಕೊಂಡಿ ಬದಲಾಗಿದೆ:
ರಸ ತಾಗಿದರೂ ಮೈ ಹೊರಳಿಸಲಾರದು,
ಡಿಎನ್‌ಎ ಎಳೆಯನ್ನು ಬೇಕಾದಷ್ಟು ಬಾಗಿಸಲಾರದು.
ಓದಲು ಬಂದ ಕಿಣ್ವ
ತುಸು ನಿಂತು ಹೋಗಿಬಿಡುತ್ತದೆ.

ಚಪ್ಪಲ್ ಬಜಾರಿನಲ್ಲಿ ನಮ್ಮ ಬಳೆ ಅಂಗಡಿ.
ಗಾಜಿನ ಬಳೆ ಏರದೆ ಅಳುಮೋರೆಯಾದ ಹುಡುಗಿಗೆ
ಅಮ್ಮಿ ಅನ್ನುತ್ತಿದ್ದಳು:
"ಕೈ ದಪ್ಪಿಲ್ಲ ಬೇಟಿ, ಬಿಗಿ ಹಿಡದಿ.
ಹೆಬ್ಬಟ್ಟು ಒಳಗ ತಗೋ."
ಅಂಗೈ ಒತ್ತಿ, ಗೆಣ್ಣು ಹೊರಳಿಸಿ
(ಎಲುಬು ಅವೇ, ಕೈ ಬೇರೆ)
ಒಂದು ಡಜನ್ ಸರ್ರನೆ ಒಳಗೆ.

ಈಗ ಅಮ್ಮಿಯ ಬೆರಳೇ ಮಡಚುವುದಿಲ್ಲ.
ಗಲ್ಲೆಯ ಹತ್ತಿರ ಕೂತಿರುತ್ತಾಳೆ,
ಗಿರಾಕಿ ಕೈ ಚಾಚಿದರೆ
ಭಾಭಿಯನ್ನು ಕೂಗುತ್ತಾಳೆ.

ವಹಿಯಲ್ಲಿ ಬರೆದೆ: ಕುಂಡ ೩೧, ಗಂಟು ಸೊನ್ನೆ.
ಕೆಳಗೆ ಸಹಿ, ಮೆಹಜಬೀನ್ ಮಣಿಯಾರ.
ಬೇರಿನ ನೀರು ಕೈಗೆ ಇನ್ನೂ ಅಂಟಿತ್ತು.
ಯಾರೂ ನೋಡದಾಗ
ಹೆಬ್ಬೆರಳು ಒಳಗೆ ಮಡಚಿ ನೋಡಿದೆ.